ಅಗ್ಗಿಷ್ಟಿಕೆಯ ಒಳಮೈಗೆ ದೊಡ್ಡಯ್ಯ ಹಚ್ಚಿದ ಬಣ್ಣ

ನಾಗಪುರದ ಕನ್ನಡದವರು ಮನೆಗೆ ಬಣ್ಣ ಹೊಡೆಸುವ ಮಾತೆತ್ತಿದರೆ ಮೊದಲು ಬಾಯಿಗೆ ಬರುತ್ತಿದ್ದ ಹೆಸರು ದೊಡ್ಡಯ್ಯನದು. ಹಿರಿಯೂರು ಕಡೆಯವನು. ಇಪ್ಪತ್ತು ತುಂಬುವ ಹೊತ್ತಿಗೆ ರೈಲ್ವೆಯಲ್ಲಿದ್ದ ಸೋದರಮಾವನ ಬೆನ್ನು ಹತ್ತಿ ಬಂದ. ಊರ ಹೊರಗಿನ ಕಳಮೇಶ್ವರದ ಒಂದು ಉಕ್ಕಿನ ಕಾರ್ಖಾನೆಯಲ್ಲಿ ಬಣ್ಣದ ಕೆಲಸಕ್ಕೆ ಸೇರಿ, ಮೂವತ್ತನಾಲ್ಕು ವರ್ಷ ಭಟ್ಟಿಗಳ ಹೊರಮೈಗೆ ಬೆಳ್ಳಿಬಣ್ಣ ಹೊಡೆದು ನಿವೃತ್ತನಾದ. ರಜೆ ಸಿಕ್ಕಾಗಲೆಲ್ಲ ಕನ್ನಡದವರ ಮನೆಗಳಿಗೂ ಬಣ್ಣ ಹೊಡೆಯುತ್ತಿದ್ದ. ಶಾಲೆ ನಾಲ್ಕನೆಯ ತರಗತಿಗೇ ಮುಗಿದಿತ್ತು. ಮಿಕ್ಕ ವಿದ್ಯೆಯನ್ನು ಬಣ್ಣದ ಡಬ್ಬಿಗಳ ಬೆನ್ನ ಮೇಲಿನ ಸಣ್ಣಕ್ಷರ ಓದಿ ಕಲಿತ. ಹಿಂದಿಯೂ ಇಂಗ್ಲಿಷೂ ಅವನಿಗೆ ಡಬ್ಬಿಯಿಂದ ಬಂದವು. ಮರಾಠಿ ಬೀದಿಯಿಂದ ಬಂತು. ಹೀಗಾಗಿ ಅವನ ಇಂಗ್ಲಿಷಿನಲ್ಲಿ ಸುಖದುಃಖಕ್ಕೆ ಮಾತಿರಲಿಲ್ಲ. ತೆಳು ಮಾಡುವುದು, ಒಣಗಿಸುವುದು, ಮಕ್ಕಳ ಕೈಗೆ ಸಿಗದಂತೆ ಇಡುವುದು, ಇವು ಮೂರು ಮಾತ್ರ ಸ್ವಚ್ಛವಾಗಿ ಬರುತ್ತಿದ್ದವು.

ಅವನ ಕೆಲಸ ನಿಧಾನ. ಗೋಡೆಯನ್ನು ಒಂದು ದಿನ ಬರೀ ನೋಡುತ್ತಿದ್ದ. ಎರಡನೆಯ ದಿನ ಉಪ್ಪುಕಾಗದದಿಂದ ಉಜ್ಜುತ್ತಿದ್ದ. ಮೂರನೆಯ ದಿನ ಮನೆಯೊಡತಿ ಕೂಗಾಡತೊಡಗಿದ ಮೇಲೆ ಡಬ್ಬಿಯ ಮುಚ್ಚಳ ತೆರೆಯುತ್ತಿದ್ದ. ಆದರೆ ಅವನು ಹೊಡೆದ ಬಣ್ಣ ಎದ್ದಿತು, ಬಿರಿಯಿತು, ಉದುರಿತು ಎಂದು ಯಾರೂ ಹೇಳಿದ್ದಿಲ್ಲ. ಇದನ್ನು ದೊಡ್ಡಯ್ಯನೂ ಮರೆತಿರಲಿಲ್ಲ, ಬೇರೆಯವರಿಗೂ ಮರೆಯಲು ಬಿಟ್ಟಿರಲಿಲ್ಲ.

ಅವನ ಹೆಸರು ಮೇಲೆದ್ದದ್ದು ಒಂದು ಅಗ್ಗಿಷ್ಟಿಕೆಯಿಂದ. ನಾಗಪುರದ ಅಜನಿ ಬಡಾವಣೆಯ ರೈಲ್ವೆ ಬಂಗಲೆಗಳು ಬ್ರಿಟಿಷರು ಕಟ್ಟಿದವು. ಪ್ರತಿಯೊಂದರ ಹಜಾರದಲ್ಲೂ ಗೋಡೆಯೊಳಗೇ ಕೊರೆದಂಥ ಇಟ್ಟಿಗೆಯ ಅಗ್ಗಿಷ್ಟಿಕೆ, ಮೇಲೆ ಹೊಗೆಗೂಡು. ನಾಗಪುರದಲ್ಲಿ ಎಂಟು ತಿಂಗಳು ಮನುಷ್ಯ ನೆರಳಿಗಾಗಿ ಓಡುತ್ತಾನೆ. ಆದರೂ ದೊರೆಗಳಿಗೆ ಮನೆಯಲ್ಲಿ ಬೆಂಕಿಯ ಗೂಡು ಇರಲೇಬೇಕು. ಅವರು ಹೋದ ಮೇಲೆ ಬಂದವರಿಗೆ ಅದನ್ನೇನು ಮಾಡಬೇಕೆಂದು ತಿಳಿಯಲಿಲ್ಲ. ಕೆಲವರು ಚಪ್ಪಲಿ ಇಟ್ಟರು. ತೊಂಬತ್ತೇಳನೆಯ ಇಸವಿಯಲ್ಲಿ ಮೈಸೂರಿನಿಂದ ವರ್ಗವಾಗಿ ಬಂದ ವೇಣುಗೋಪಾಲರ ಹೆಂಡತಿ ರಾಜಮ್ಮನವರು ಮಾತ್ರ ಅದನ್ನು ಒಂದು ಸಲ ನೋಡಿ, ಪೂರ್ವಕ್ಕೆ ಮುಖ ಇದೆ, ದೀಪದ ಹೊಗೆ ಮೇಲೆ ಹೋಗಲು ದಾರಿಯೂ ಇದೆ ಎಂದು ದೇವರನ್ನು ಅದರೊಳಗೆ ಕೂರಿಸಿಬಿಟ್ಟರು.

ಒಂದೇ ಒಂದು ತೊಂದರೆ. ಒಳಗಿನ ಸುಣ್ಣ ಮಡಿಸೀರೆಗೆ ಮೆತ್ತುತ್ತಿತ್ತು. ದೀಪದ ಕಾಡಿಗೆ ಒರೆಸಿದರೆ ಹೋಗುತ್ತಿರಲಿಲ್ಲ. ದೊಡ್ಡಯ್ಯನನ್ನು ಕರೆಸಿದರು. ಅವನು ಆ ಒರಟು ಇಟ್ಟಿಗೆಗೆ ಗಾರೆ ಸವರಿ, ಎಂಟು ದಿನ ಉಜ್ಜಿ, ದಂತದ ಬಣ್ಣದ ಎಣ್ಣೆ ಪೇಂಟನ್ನು ನಾಲ್ಕು ಕೈ ಹೊಡೆದ. ಒಳಗೆ ಇಟ್ಟ ನಂದಾದೀಪ ಮೂರು ಗೋಡೆಯಲ್ಲೂ ಕಾಣುತ್ತಿತ್ತು. ಕನ್ನಡ ಸಂಘದವರು ನೋಡಲು ಬಂದರು, ಮುಟ್ಟಿ ನೋಡಿದರು. ಆ ವರ್ಷವೇ ಇನ್ನೂ ನಾಲ್ಕು ಮನೆಯವರು ತಮ್ಮ ಅಗ್ಗಿಷ್ಟಿಕೆಗೂ ಹಾಗೇ ಮಾಡಿಸಿಕೊಂಡರು. ಭಟ್ಟಿಯ ಹೊರಮೈಗೆ ಮಾತ್ರ ಬಣ್ಣ, ಒಳಮೈಗೆ ಎಂದೂ ಇಲ್ಲ, ಇದು ದೊಡ್ಡಯ್ಯ ಕಾರ್ಖಾನೆಯಲ್ಲಿ ಕಲಿತ ಮೊದಲ ಪಾಠ. ಆದರೆ ದೇವರು ಬಂದು ಕೂತ ಮೇಲೆ ಅದು ಬೆಂಕಿಯ ಗೂಡೆಂದು ಅವನ ಕಣ್ಣಿಗೆ ಕಾಣಲೇ ಇಲ್ಲ. ರಾಜಮ್ಮನವರ ಕಣ್ಣಿಗೂ ಕಾಣಲಿಲ್ಲ. ನೋಡಲು ಬಂದವರಲ್ಲಿ ಮೂವರು ಇಂಜಿನಿಯರುಗಳಿದ್ದರು. ಅವರು ಕೈಮುಗಿದು ಪ್ರಸಾದ ತಿಂದು ಹೋದರು.

ಇದೆಲ್ಲ ಹಳೆಯ ಮಾತು. ರಾಜಮ್ಮನವರು ದೇವರನ್ನು ಟ್ರಂಕಿನಲ್ಲಿಟ್ಟುಕೊಂಡು ಮೈಸೂರಿಗೆ ಹೋಗಿ ಹದಿನೈದು ವರ್ಷ ಕಳೆಯಿತು. ಬಂಗಲೆಗೆ ಯಾರ್ಯಾರೋ ಬಂದರು. ಇಲಾಖೆಯವರು ವರ್ಷ ಬಿಟ್ಟು ವರ್ಷ ಬಂದು ಕಂಡದ್ದಕ್ಕೆಲ್ಲ ಸುಣ್ಣ ಬಳಿದು ಹೋದರು.

ಈ ಜನವರಿಯಲ್ಲಿ ನಾಗಪುರಕ್ಕೆ ಥಂಡಿ ಹಿಡಿಯಿತು. ಬೆಳಗ್ಗೆ ಏಳು ಡಿಗ್ರಿ. ಬಂಗಲೆಯಲ್ಲಿ ಈಗ ಧಾರವಾಡದ ಹೃಷಿಕೇಶ ಎಂಬ ರೈಲ್ವೆ ಇಂಜಿನಿಯರ್, ಅವನ ಹೆಂಡತಿ ಮೃದುಲಾ, ತಾಯಿ ಲೀಲಾಬಾಯಿ ಇದ್ದರು. ಲೀಲಾಬಾಯಿಯವರಿಗೆ ಉಬ್ಬಸ. ಸಂಕ್ರಾಂತಿಗೆ ಎರಡು ದಿನವಿರುವಾಗ ಹೃಷಿಕೇಶ ದೊಡ್ಡಯ್ಯನಿಗೆ ಫೋನು ಮಾಡಿದ. ಅಗ್ಗಿಷ್ಟಿಕೆಯ ಒಳಗೆ ಕಪ್ಪು ಬಣ್ಣ ಹಚ್ಚಬೇಕು, ಹಬ್ಬದ ಸಂಜೆ ಕನ್ನಡದವರನ್ನೆಲ್ಲ ಎಳ್ಳುಬೆಲ್ಲಕ್ಕೆ ಕರೆದು ಬೆಂಕಿ ಹಾಕಬೇಕು.

ದೊಡ್ಡಯ್ಯ ಸ್ಕೂಟರ್ ನಿಲ್ಲಿಸಿ ಒಳಗೆ ಬಂದ. ಮನೆ ಯಾವುದೆಂದು ಅವನಿಗೆ ಗೊತ್ತು. ಆದರೆ ಅಗ್ಗಿಷ್ಟಿಕೆಯ ಬಾಯಲ್ಲಿ ಬಿಳಿ ಸುಣ್ಣ ಕಂಡು, ತನ್ನ ಬಣ್ಣವನ್ನು ಯಾವಾಗಲೋ ಕೆರೆದು ಹಾಕಿದ್ದಾರೆ ಎಂದುಕೊಂಡ. ಸ್ವಲ್ಪ ಬೇಜಾರೂ ಆಯಿತು.

“ಬರ್ರಿ ದೊಡ್ಡಯ್ಯನವರ, ಡಬ್ಬಿ ತಂದಿಟ್ಟೀನಿ ನೋಡ್ರಿ,” ಎಂದು ಹೃಷಿಕೇಶ ಕರಿ ಪೇಂಟಿನ ಡಬ್ಬಿ ತೋರಿಸಿದ.

ದೊಡ್ಡಯ್ಯ ಕನ್ನಡಕ ಹಾಕಿ ಡಬ್ಬಿಯ ಬೆನ್ನು ಓದಿದ. ತಳವನ್ನೂ ಓದಿದ. “ಇದು ಕಿಟಕಿ ಸರಳಿಗೆ ಸಾರ್. ಒಲೆ ಒಳಕ್ಕೆ ಬ್ಯಾಡ.”

“ಯಾಕ್ರೀ? ಪೇಂಟ್ ಪೇಂಟೇ ಅಲ್ಲೇನು?”

“ಎಣ್ಣೆ ಬಣ್ಣ ಇದು. ಬೆಂಕಿ ಜಳ ತಾಗಿದ್ರೆ ಮೊದ್ಲು ಹಪ್ಪಳ ಉಬ್ಬಿದಂಗೆ ಉಬ್ತದೆ. ಆಮೇಲೆ ಅದೇ ಹತ್ಕಂತದೆ. ಅದರ ಹೊಗೆ ಚಿಮಣಿ ಹುಡುಕ್ಕೊಂಡು ಹೋಗಲ್ಲ, ನಿಮ್ಮ ಮೂಗು ಹುಡುಕ್ಕೊಂಡು ಬತ್ತದೆ. ಹಳೇ ಕಾಲದ ಡಬ್ಬಿ ಆದ್ರೆ ಸೀಸ ಬ್ಯಾರೆ ಇರ್ತದೆ, ವಿಷ ಅದು. ಒಲೆ ಒಳಗೆ ಎಣ್ಣೆ ಬಣ್ಣ ಹೊಡಿಯೋನಿಗೆ ತಲೆ ನೆಟ್ಟಗಿಲ್ಲ ಅಂತ್ಲೇ ಲೆಕ್ಕ.”

“ಭಾಳ ಚಲೋ ಆತು ಹೇಳಿದ್ರಿ,” ಎಂದ ಹೃಷಿಕೇಶ. “ಹಂಗಾರ ಬಣ್ಣ ಬ್ಯಾಡೇ ಬ್ಯಾಡ. ಇದ್ದದ್ದೇ ಇರಲಿ. ಹೆಂಗೂ ಇದು ಬರೀ ಸುಣ್ಣ ಅದ.”

“ಸುಣ್ಣ ಆದ್ರೆ ಭಯ ಇಲ್ಲ,” ಎಂದ ದೊಡ್ಡಯ್ಯ.

“ಬರೀ ಸುಣ್ಣ ಅಂತೀಯೇನೋ!” ಎಂದು ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದ ಲೀಲಾಬಾಯಿ ನಡುವೆ ಬಾಯಿ ಹಾಕಿದರು. “ಮೃದುಲಾ ಒದ್ದಿ ಅರಿವಿಲೆ ಒಳಗ ಒರಿಸ್ಯಾಳ, ಬಗ್ಗಿ ನೋಡ್ರಿ ನೀವು. ಕೆಳಗ ಕನ್ನಡಿ ಅದ, ಕನ್ನಡಿ!”

ದೊಡ್ಡಯ್ಯ ಬಗ್ಗಿ ನೋಡಿದ. ಎಡಗಡೆಯ ಗೋಡೆಯಲ್ಲಿ ಮೊರದಗಲ ಜಾಗದಲ್ಲಿ ಸುಣ್ಣ ಹೋಗಿ, ಅಡಿಯಿಂದ ದಂತದ ಬಣ್ಣ ಮಿಣ್ಣಗೆ ಹೊಳೆಯುತ್ತಿತ್ತು. ಒಂದು ಬಿರುಕಿಲ್ಲ. ಒಂದು ಗುಳ್ಳೆಯಿಲ್ಲ. ಇಪ್ಪತ್ತೇಳು ವರ್ಷ ಕಳೆದಿದ್ದರೂ ನಿನ್ನೆ ಒಣಗಿದ ಹಾಗಿತ್ತು. ಅವನ ಎದೆ ಮೊದಲು ಉಬ್ಬಿತು, ಆಮೇಲೆ ಧಸಕ್ಕೆಂದಿತು.

“ಬ್ರಿಟಿಷ್ ಕಾಲದ ಗಚ್ಚಿನ ಗಿಲಾವು ಇದು,” ಎಂದು ಹೃಷಿಕೇಶ ವಿವರಿಸಿದ. “ಸುಣ್ಣಾ, ಬೆಲ್ಲಾ, ತತ್ತೀ ಬಿಳೀದು ಹಾಕಿ ಶಂಖದಿಂದ ತಿಕ್ಕತಿದ್ರಂತ. ಈಗಿನವರ ಕೈಲೆ ಇಂಥಾ ಫಿನಿಶಿಂಗ್ ಆಗಂಗಿಲ್ಲ ಬಿಡ್ರಿ.”

ಜೀವಮಾನದಲ್ಲಿ ದೊಡ್ಡಯ್ಯನ ಕೆಲಸಕ್ಕೆ ಸಿಕ್ಕ ಹೊಗಳಿಕೆಗಳಲ್ಲಿ ಇದು ಎಲ್ಲಕ್ಕಿಂತ ದೊಡ್ಡದು. ಅದನ್ನು ಅವನು ಬಗ್ಗಿದ ಭಂಗಿಯಲ್ಲೇ ಕೇಳಿಸಿಕೊಂಡ. ಗಳಿಗೆಯ ಹಿಂದೆ ಅವನೇ ಆಡಿದ ಮಾತು ಇನ್ನೂ ಹಜಾರದಲ್ಲೇ ಓಡಾಡುತ್ತಿತ್ತು. ಜೇಬಿನಿಂದ ಬೀಗದ ಕೈ ತೆಗೆದು ಮೂಲೆಯಲ್ಲಿ ಕೆರೆಯಲು ಹೋದ.

“ಹಾಂ ಹಾಂ! ಕೆರೀಬ್ಯಾಡ್ರಿ!” ಎಂದು ಹೃಷಿಕೇಶ ಅವನ ಕೈ ಹಿಡಿದ. “ನೂರು ವರ್ಷದ ವಸ್ತು ಅದು.”

ದೊಡ್ಡಯ್ಯ ನೆಟ್ಟಗಾದ. “ಬೆಂಕಿ ಯಾಕೆ ಸಾರ್, ಕರೆಂಟ್ ಹೀಟರ್ ಇಡಿ.”

“ಥಂಡಿ ನನಗ ಅದ, ಕರೆಂಟಿಗಲ್ಲ,” ಎಂದರು ಲೀಲಾಬಾಯಿ. “ನಾ ಇಲ್ಲೇ ಮುಂದ ಕುರ್ಚಿ ಹಾಕ್ಕೊಂಡು ಕೂಡ್ತೀನಿ.”

“ಚಿಮಣೀಲಿ ಪಾರಿವಾಳ ಗೂಡು ಕಟ್ಟಿರ್ತವೆ.”

“ನಿನ್ನೆನೇ ಸಾಫ್ ಮಾಡ್ಸೀನ್ರಿ,” ಎಂದ ಹೃಷಿಕೇಶ.

ದೊಡ್ಡಯ್ಯನ ಬಳಿ ಬೇರೆ ಪಾರಿವಾಳವಿರಲಿಲ್ಲ. ಚಹಾ ಕುಡಿದು ಹೊರಟ. ಚಹಾದ ಲೋಟ ಇಡುವಾಗ ಕಿಟಕಿಯ ಕಟ್ಟೆಯ ಮೇಲೆ ಲೀಲಾಬಾಯಿಯವರ ಉಬ್ಬಸದ ಪಂಪು ಕಂಡಿತು. ಒಂದಲ್ಲ, ಎರಡು.

ಮನೆಗೆ ಬಂದವನು ಊಟಕ್ಕೆ ಕೂತು ಅನ್ನ ಕಲಸುತ್ತಲೇ ಇದ್ದ. ಹೆಂಡತಿ ವನಜಾಕ್ಷಿ ಎರಡು ಸಲ ಸಾರು ಬಡಿಸಿ, ಮೂರನೆಯ ಸಲ ಸೌಟು ಕೆಳಗಿಟ್ಟಳು. “ಯಾರು ಹೋದ್ರು?”

“ಯಾರೂ ಹೋಗಿಲ್ಲ ಇನ್ನೂ,” ಎಂದ ದೊಡ್ಡಯ್ಯ. ನಡೆದದ್ದನ್ನು ಹೇಳಿದ.

“ಹಂಗಾದ್ರೆ ಹೇಳ್ಬಿಡಿ ಅತ್ಲಾಗೆ, ಅದು ನಂದೇ ಬಣ್ಣ ಅಂತ.”

“ಹೇಳ್ಬಿಡಿ ಅಂದ್ರೆ? ಒಲೆ ಒಳಗೆ ಎಣ್ಣೆ ಬಣ್ಣ ಹೊಡಿಯೋನಿಗೆ ತಲೆ ನೆಟ್ಟಗಿಲ್ಲ ಅಂತ ಅವರೆದುರೇ ಅಂದು ಬಂದಿದೀನಿ.”

“ನಿಮಗೆ ನೆಟ್ಟಗಿಲ್ಲ ಅಂತ ನಾನು ಮೊದ್ಲಿಂದ ಹೇಳ್ತಾನೇ ಇದೀನಲ್ಲ. ಅವರಿಗೂ ಗೊತ್ತಾಗ್ಲಿ.”

“ಅದೊಂದೇ ಅಲ್ಲ ಕಣೇ. ಇನ್ನೂ ನಾಲ್ಕು ಮನೆ ಐತೆ. ಒಂದು ತಪ್ಪು ಅಂದ್ರೆ ಐದೂ ತಪ್ಪು. ಐವತ್ತು ವರ್ಷ ಈ ಊರಲ್ಲಿ ಮಾಡಿದ್ದರಲ್ಲಿ ಜನ ನೆನಸ್ಕೊಳೋದು ಅದನ್ನೇ.”

ವನಜಾಕ್ಷಿ ತಟ್ಟೆಗೆ ಮಜ್ಜಿಗೆ ಹಾಕಿದಳು. “ಆ ಮುದುಕಮ್ಮ ಒಲೆ ಮುಂದೇನೇ ಕೂರ್ತೀನಿ ಅಂದ್ಲಾ?”

“ಹೂಂ.”

“ಹಂಗಾದ್ರೆ ಅನ್ನ ಜಲ್ದಿ ಉಣ್ಣಿ.”

ಮೂರು ಗಂಟೆಗೆ ದೊಡ್ಡಯ್ಯ ಮತ್ತೆ ಅಜನಿಯ ಬಂಗಲೆಯ ಮುಂದಿದ್ದ. ಹೃಷಿಕೇಶ ಜಗಲಿಯಲ್ಲಿ ಸೌದೆ ಜೋಡಿಸುತ್ತಿದ್ದ. ಜಾಲಿಯ ಒಳ್ಳೆಯ ಒಣ ಸೌದೆ, ಯಾವ ಬಣ್ಣವನ್ನಾದರೂ ಸುಡಬಲ್ಲದ್ದು.

“ಸಾರ್, ಅದು ಬ್ರಿಟಿಷರ ಗಿಲಾವು ಅಲ್ಲ. ಎಣ್ಣೆ ಬಣ್ಣ. ನಾನೇ ಹೊಡೆದಿದ್ದು, ತೊಂಬತ್ತೇಳರಲ್ಲಿ. ನಾಲ್ಕು ಕೈ. ಆಗಿನ ಡಬ್ಬೀಲಿ ಸೀಸ ಇತ್ತು. ಬೆಂಕಿ ಹಾಕ್ಬ್ಯಾಡಿ.”

ಹೃಷಿಕೇಶ ಸೌದೆ ಕೆಳಗಿಟ್ಟು ಅವನನ್ನು ಕನಿಕರದಿಂದ ನೋಡಿದ. “ದೊಡ್ಡಯ್ಯನವರ, ವಯಸ್ಸಾದ ಮ್ಯಾಲ ಹಂಗ ಅನಸ್ತದ್ರಿ. ನೀವು ಬ್ಯಾರೆ ಮನ್ಯಾಗ ಹೊಡದಿರಬೇಕು.”

“ಇದೇ ಮನೆ ಸಾರ್. ರಾಜಮ್ಮೋರ ದೇವರಗೂಡು.”

“ನಾ ಸ್ಟ್ರಕ್ಚರ್ ಓದಿದಾಂವ. ಗಚ್ಚು ಯಾವುದು, ಪೇಂಟ್ ಯಾವುದು ನನಗ ತಿಳಿಯಂಗಿಲ್ಲೇನು? ಬ್ರಶ್ಶಿನ ಗೆರಿನೇ ಇಲ್ಲ ಅದರಾಗ.”

“ನನ್ನ ಕೆಲಸದಲ್ಲಿ ಗೆರೆ ಇರಲ್ಲ ಸಾರ್,” ಎಂದ ದೊಡ್ಡಯ್ಯ. ತಪ್ಪೊಪ್ಪಿಕೊಳ್ಳಲು ಬಂದವನಿಗೆ ಇದೊಂದು ಬೇರೆಯೇ ಥರದ ಅವಮಾನ. ಧ್ವನಿ ಏರಿತು. “ಒಂದು ಉಗುರಗಲ ಕೊಡಿ ನಂಗೆ. ಎದ್ದು ಕಾಣದ ಮೂಲೇಲಿ. ಸುಣ್ಣ ಆದ್ರೆ ಉರಿಯಲ್ಲ. ಉರಿಲಿಲ್ಲ ಅಂದ್ರೆ ಬ್ರಿಟಿಷರೇ ಮಾಡಿದ್ದು ಅಂತ ಒಪ್ಕಂತೀನಿ.”

ಗದ್ದಲ ಕೇಳಿ ಮೃದುಲಾ ಹೊರಗೆ ಬಂದಳು. “ಉಗುರಿನಷ್ಟು ಕೊಟ್ರ ಏನಾಗ್ತದ್ರೀ?” ಎಂದು ಗಂಡನಿಗೆ ಹೇಳಿ ಅಡುಗೆಮನೆಯ ಚಾಕು ತಂದಳು.

ದೊಡ್ಡಯ್ಯ ಅಗ್ಗಿಷ್ಟಿಕೆಯ ಹಿಂಮೂಲೆಯಲ್ಲಿ ಚಾಕು ಇಟ್ಟ. ಬಣ್ಣ ಬರಲಿಲ್ಲ. ಒತ್ತಿದ. ಬರಲಿಲ್ಲ. ಚಾಕುವಿನ ತುದಿ ಬಾಗಿತು. “ಬರ್ತದೆ, ಬರ್ತದೆ,” ಎನ್ನುತ್ತಾ ಕಾಲು ಗಂಟೆ ಹೆಣಗಿ, ಕೊನೆಗೆ ಹುಣಸೆಬೀಜದಷ್ಟು ಚೂರು ಎಬ್ಬಿಸಿದ. ಅದನ್ನು ಅಂಗಳದ ಆ ತುದಿಗೆ ಒಯ್ದು, ಲೀಲಾಬಾಯಿಯವರನ್ನು ಒಳಗೇ ಇರಿಸಿ ಬಾಗಿಲು ಹಾಕಿಸಿ, ಇಕ್ಕಳದಲ್ಲಿ ಹಿಡಿದು ಕಡ್ಡಿ ಗೀರಿದ. ಚೂರು ಮೊದಲು ನೀರು ಬಿಟ್ಟಂತೆ ಬೆವರಿತು. ಆಮೇಲೆ ಮಗುಚಿಕೊಂಡಿತು. ಆಮೇಲೆ ಹಳದಿ ನಾಲಗೆ ಚಾಚಿ, ಅಷ್ಟೇ ಚೂರಿನಿಂದ ನಂಬಲಾಗದಷ್ಟು ಕರಿಹೊಗೆ ಬಿಟ್ಟಿತು. ಟೈರು ಸುಟ್ಟ ವಾಸನೆ. ಮೂವರೂ ಗಾಳಿಯ ಎದುರು ದಿಕ್ಕಿಗೆ ಸರಿದರು.

“ಇದು ಹುಣಸೆಬೀಜದಷ್ಟು,” ಎಂದ ದೊಡ್ಡಯ್ಯ. “ಒಳಗೆ ಮೂರು ಗೋಡೆ ಐತೆ.”

ಹೃಷಿಕೇಶ ಇಕ್ಕಳ ಇಸಿದುಕೊಂಡು ತುದಿಯ ಮಸಿ ನೋಡಿದ. “ನೀವು ಮುಂಜಾನೆ ಯಾಕ ಹೇಳಲಿಲ್ಲ?”

“ಮುಂಜಾನೆ ನೀವು ಹೊಗಳ್ತಾ ಇದ್ರಿ.”

ಬಾಗಿಲ ಸಂದಿಯಿಂದ ಲೀಲಾಬಾಯಿಯವರ ದನಿ ಬಂತು: “ತಲಿ ನೆಟ್ಟಗಿಲ್ಲ ಅಂತ ಯಾರಿಗೋ ಅಂದ್ರಲ್ಲ ನೀವು, ಅವರು ನೀವೇ ಏನ್ರೀ?”

“ನಾನೇ ಅಮ್ಮ.”

“ಇರಲಿ ಬಿಡ್ರಿ. ನನ್ನ ಮಗಾ ಅದಕ್ಕ ಶಂಖ ಬ್ಯಾರೆ ತಿಕ್ಕಿಸಿದ್ದ.”

ಮರುದಿನ ಬೆಳಗ್ಗೆ ಕೆಲಸ ಶುರುವಾಯಿತು. ದೊಡ್ಡಯ್ಯ ಲೀಲಾಬಾಯಿಯವರನ್ನು ಪಕ್ಕದ ಬಂಗಲೆಗೆ ಕಳಿಸಿ, ಹಜಾರದ ಕಿಟಕಿಗಳನ್ನೆಲ್ಲ ತೆರೆಸಿದ. ನೆಲಕ್ಕೆ ಪ್ಲಾಸ್ಟಿಕ್ ಹಾಸಿ, ಕಾರ್ಖಾನೆಯಲ್ಲಿ ಹಾಕುತ್ತಿದ್ದಂಥ ಮಾಸ್ಕ್ ಕಟ್ಟಿಕೊಂಡ. ಸೀಸದ ಬಣ್ಣವನ್ನು ಒಣಗಿದಂತೆಯೇ ಉಜ್ಜಿದರೆ ಧೂಳು ಎದೆಗೆ ಇಳಿಯುತ್ತದೆ. ಕಾಯಿಸಿ ಎಬ್ಬಿಸಿದರೆ ಹೊಗೆ ಇಳಿಯುತ್ತದೆ. ಆದ್ದರಿಂದ ಒದ್ದೆ ಮಾಡುತ್ತಾ, ಅಡಿಯ ಗಾರೆಯ ಸಮೇತ ಇಟ್ಟಿಗೆ ಕಾಣುವವರೆಗೆ, ಅಂಗೈ ಅಗಲ ಅಂಗೈ ಅಗಲವಾಗಿ ಕೆರೆದ. ಬಣ್ಣ ಅವನನ್ನು ಗುರುತೇ ಹಿಡಿಯಲಿಲ್ಲ. ಬೇರೆಯವರಿಗೆ ಹೇಗೋ ಅವನಿಗೂ ಹಾಗೇ ಬಿಗಿಯಾಗಿ ನಿಂತಿತು. ಸಂಜೆಗೆ ಒಂದೇ ಒಂದು ಗೋಡೆ ಮುಗಿಯಿತು. ಹೃಷಿಕೇಶನೂ ಮಾಸ್ಕ್ ಹಾಕಿಕೊಂಡು ಕೂತ. ಅರ್ಧ ತಾಸಿಗೆ ಅವನ ಕೈಯಲ್ಲಿ ಗುಳ್ಳೆ ಎದ್ದಿತು.

“ಏನ ಹಾಕಿ ಹೊಡದಿದ್ರಿ ಇದನ್ನ?”

“ಮನಸ್ಸು ಹಾಕಿ ಹೊಡೆದಿದ್ದೆ ಸಾರ್,” ಎಂದ ದೊಡ್ಡಯ್ಯ, ಕೆರೆಯುವುದನ್ನು ನಿಲ್ಲಿಸದೆ.

ಸಂಕ್ರಾಂತಿಯ ಸಂಜೆ ಕನ್ನಡದವರು ಬಂದಾಗ ಎರಡು ಗೋಡೆ ಇಟ್ಟಿಗೆ, ಒಂದು ಗೋಡೆ ದಂತದ ಬಣ್ಣ. ಧೂಳು ಒರೆಸಿ ಮುಂದೆ ಹಲಗೆ ಅಡ್ಡ ಇಟ್ಟಿದ್ದರು. ಬೆಂಕಿಯಿಲ್ಲ. ಕರೆಂಟ್ ಹೀಟರಿನ ಸುತ್ತ ಎಲ್ಲರೂ ಶಾಲು ಹೊದ್ದು ಎಳ್ಳುಬೆಲ್ಲ ತಿನ್ನುತ್ತಿದ್ದರು. ಸಂಘದ ಹಳೆಯ ಸದಸ್ಯರೊಬ್ಬರು ಹಲಗೆ ಸರಿಸಿ ನೋಡಿ ಕೂಗಿಕೊಂಡರು: “ಅಯ್ಯೋ! ದೊಡ್ಡಯ್ಯನ ದೇವರಗೂಡು! ಯಾವ ಪಾಪಿ ಕೆರೆದು ಹಾಳು ಮಾಡಿದ?”

ಹೃಷಿಕೇಶ ಏನೋ ಹೇಳಲು ಬಾಯಿ ತೆರೆದ. ಸುಣ್ಣ ಹಳೆಯದಾಗಿತ್ತು, ನೆನೆದಿತ್ತು, ಅದಕ್ಕೇ ಕೆರೆಸಿದೆವು ಎಂದು ಹೇಳಿ ದೊಡ್ಡಯ್ಯನ ಮಾನ ಉಳಿಸೋಣವೆಂದು ಅವನು ಮೊದಲೇ ಮೃದುಲಾಳ ಹತ್ತಿರ ಮಾತಾಡಿಕೊಂಡಿದ್ದ. ದೊಡ್ಡಯ್ಯ ಬಿಡಲಿಲ್ಲ. ಬಾಯಲ್ಲಿದ್ದ ಎಳ್ಳುಬೆಲ್ಲ ನುಂಗಿ ಎದ್ದು ನಿಂತ.

“ನಾನೇ ಕೆರೆದಿದ್ದು. ಹೊಡೆದಿದ್ದೂ ನಾನೇ. ಹೊಡೆದಿದ್ದು ತಪ್ಪು. ಬೆಂಕಿ ಗೂಡಿನ ಒಳಕ್ಕೆ ಎಣ್ಣೆ ಬಣ್ಣ ಹೊಡೀಬಾರದು. ನಂಗೆ ಗೊತ್ತಿತ್ತು, ಗೊತ್ತಿದ್ದೂ ಹೊಡೆದೆ. ಇವತ್ತು ಇಲ್ಲಿ ಬೆಂಕಿ ಹಾಕಿದ್ದಿದ್ರೆ ನೀವೆಲ್ಲ ಅದರ ಹೊಗೆ ಕುಡಿತಿದ್ರಿ.”

ಹಳೆಯ ಸದಸ್ಯರು ಹಲಗೆಯನ್ನು ಮೆಲ್ಲಗೆ ಮತ್ತೆ ಅಡ್ಡ ಇಟ್ಟರು. ಯಾರೂ ಬೈಯಲಿಲ್ಲ, ಬೈದಿದ್ದರೆ ಸುಲಭವಾಗುತ್ತಿತ್ತು. ಯಾರೋ ಒಬ್ಬರು ಹವಾಮಾನದ ಮಾತೆತ್ತಿದರು. ಮೊದಲೆಲ್ಲ ಬಣ್ಣದ ವಿಷಯ ಬಂದರೆ ಹತ್ತು ಜನ ಅವನ ಕಡೆ ತಿರುಗುತ್ತಿದ್ದರು. ಆ ಸಂಜೆ ಹೀಟರಿನ ಕಡೆ ತಿರುಗಿದರು. ಲೀಲಾಬಾಯಿ ಮಾತ್ರ ಅವನ ಕೈಗೆ ಇನ್ನೊಂದು ಮುಷ್ಟಿ ಎಳ್ಳುಬೆಲ್ಲ ಸುರಿದು, “ತಿನ್ರಿ, ಇನ್ನೊಂದು ಗ್ವಾಡಿ ಉಳದದ,” ಎಂದರು.

ಮೂರನೆಯದು ಅಗಲವಾದ ಹಿಂಗೋಡೆ, ಅದು ಮುಗಿಯಲು ಇನ್ನೂ ಎರಡು ದಿನ ಹಿಡಿಯಿತು. ಕೆರೆದದ್ದನ್ನು ಚೀಲಕ್ಕೆ ಕಟ್ಟಿ, ಇಟ್ಟಿಗೆಯನ್ನು ತೊಳೆದು ಒಣಗಲು ಬಿಟ್ಟ ಮೇಲೆ ಹೃಷಿಕೇಶ, ಇದಕ್ಕೆ ಸರಿಯಾದ ಬಣ್ಣ ಯಾವುದು ಎಂದು ಕೇಳಿದ.

“ಬಿಸಿ ತಡಿಯೋ ಬಣ್ಣ ಸಿಗ್ತದೆ ಸಾರ್, ಡಬ್ಬಿ ಮೇಲೆ ಆರುನೂರು ಡಿಗ್ರಿ ಅಂತ ಬರ್ದಿರಬೇಕು. ಅದನ್ನೂ ಮಸಿ ಎಲ್ಲ ತೊಳೆದು ತೆಳ್ಳಗೆ ಹೊಡೀಬೇಕು. ಮೊದ್ಲು ನಾಲ್ಕು ದಿನ ಕಿಟಕಿ ತೆಗೆದು ಸಣ್ಣ ಬೆಂಕಿ ಹಾಕಿ ಹದ ಮಾಡ್ಬೇಕು. ನನ್ನ ಕೇಳಿದ್ರೆ ಏನೂ ಬ್ಯಾಡ. ಬೆಂಕಿಗೆ ಇಟ್ಟಿಗೆ ಸಾಕು.”

ಇಟ್ಟಿಗೆಗೇ ಬಿಟ್ಟರು. ಪೂರಾ ಒಣಗಿದ ಮೇಲೆ ಬೆಂಕಿ ಹಾಕಿದರು. ಲೀಲಾಬಾಯಿ ಮುಂದೆ ಕೂತು ಒಂದು ತಾಸು ಕಾಯಿಸಿಕೊಂಡು, ಬಹಳ ಸೆಖೆಯಾಯಿತೆಂದು ಕುರ್ಚಿ ಹಿಂದೆ ಸರಿಸಿದರು.

ದೊಡ್ಡಯ್ಯ ಅದನ್ನು ನೋಡಲು ಹೋಗಿರಲಿಲ್ಲ. ಅವನು ಉಳಿದ ನಾಲ್ಕು ಮನೆಗಳನ್ನು ಹುಡುಕುತ್ತಿದ್ದ. ಒಂದನ್ನು ರಸ್ತೆ ಅಗಲ ಮಾಡಲು ಕೆಡವಿದ್ದರು. ಅವನಿಗೆ ಸಮಾಧಾನವಾಯಿತು, ಆದರೆ ತೋರಿಸಿಕೊಳ್ಳಲಿಲ್ಲ. ಇನ್ನೊಂದರಲ್ಲಿ ಅಗ್ಗಿಷ್ಟಿಕೆಯೊಳಗೆ ಫ್ರಿಜ್ ಇತ್ತು. ಅದನ್ನು ಎಳೆದು, ಕೆರೆದು, ಮತ್ತೆ ತಳ್ಳಿಟ್ಟು ಬಂದ. ಆ ಮನೆಯವರು ಬಹಳ ದಿನ ಅವನನ್ನು ಫ್ರಿಜ್ ಕಂಪನಿಯವನೆಂದೇ ತಿಳಿದಿದ್ದರು. ಮೂರನೆಯದರಲ್ಲಿ ಇದ್ದವರು ಒಳಗೇ ಬಿಡಲಿಲ್ಲ. ಮೂರು ಸಲ ಹೋದ, ನಾಲ್ಕನೆಯ ಸಲ ಬಿಟ್ಟರು.

ಕೊನೆಯದು ರಾಮದಾಸಪೇಠಿನ ಒಂದು ಹಳೆಯ ಖಾಸಗಿ ಬಂಗಲೆ. ಅಲ್ಲಿದ್ದವರು ಚಾರುಲತಾ ಎಂಬ ಕನ್ನಡದ ಶಿಕ್ಷಕಿ. ಅವರ ಅತ್ತೆ ಮಾಡಿಸಿದ ದೇವರಗೂಡು. ದೇವರು ಇನ್ನೂ ಅದರಲ್ಲೇ ಇದ್ದರು, ದೀಪ ಉರಿಯುತ್ತಿತ್ತು.

“ನಾವು ಇದರಲ್ಲಿ ಯಾವತ್ತೂ ಬೆಂಕಿ ಹಾಕಲ್ಲ ದೊಡ್ಡಯ್ಯನವರೇ,” ಎಂದರು ಚಾರುಲತಾ. “ಬಾಡಿಗೆ ಮನೆ ಅಂದ್ರೂ ಇರೋವರೆಗೂ ದೇವರು ಇಲ್ಲೇ.”

“ನೀವು ಹಾಕಲ್ಲ ಕಣಮ್ಮ. ನೀವು ಬಿಟ್ಟ ಮೇಲೆ ಬರೋರು?”

“ಅವರಿಗೆ ಹೇಳಿ ಹೋಗ್ತೀವಿ.”

“ನಂಗೆ ಗೊತ್ತಿದ್ದೂ ಮಾಡಿದೆ. ಹೇಳಿದ್ದು ನೆನಪಿಟ್ಕಂತಾರಾ ಅವ್ರು?”

ಚಾರುಲತಾ ಒಳಗೋಡೆಯ ಮೇಲೆ ಕೈಯಾಡಿಸಿದರು. “ಆದ್ರೆ ಎಷ್ಟು ಚೆನ್ನಾಗಿದೆ ನೋಡಿ. ಇಷ್ಟು ವರ್ಷ ಆದ್ರೂ ಒಂದು ಚೂರು ಎದ್ದಿಲ್ಲ.”

“ಅದೇ ನಂಗೂ ಕಷ್ಟ ಆಗಿರೋದು,” ಎಂದ ದೊಡ್ಡಯ್ಯ. “ದೇವರನ್ನ ಎರಡು ದಿನ ಊಟದ ಮೇಜಿನ ಮೇಲೆ ಇಡಿ.”

ಏಕಾದಶಿ ಕಳೆಯುವ ತನಕ ದೇವರನ್ನು ಕದಲಿಸುವಂತಿಲ್ಲ ಎಂದರು ಚಾರುಲತಾ. ಅದಕ್ಕೆ ಇನ್ನೂ ಐದು ದಿನವಿತ್ತು. ಸರಿ ಎಂದು ದೊಡ್ಡಯ್ಯ ಎದ್ದ. ಆರನೆಯ ದಿನ ಬೆಳಗ್ಗೆ ಎಂಟಕ್ಕೆ ಪ್ಲಾಸ್ಟಿಕ್ ಹಾಳೆ, ಬಕೆಟ್ಟು, ಎರಡು ಮಾಸ್ಕ್ ಹಿಡಿದು ಬಾಗಿಲಲ್ಲಿ ನಿಂತಿದ್ದ. ಚಾರುಲತಾ ದೇವರನ್ನು ಒಂದೊಂದಾಗಿ ಎತ್ತಿ ಮೇಜಿಗೆ ಸಾಗಿಸುವವರೆಗೂ ಕಾದ. ಆಮೇಲೆ ಖಾಲಿ ಗೂಡಿನ ಮುಂದೆ ಕೂತು, ಕನ್ನಡಕ ಹಾಕಿಕೊಂಡು, ಮೂರು ಗೋಡೆಯನ್ನೂ ಮೇಲಿನಿಂದ ಕೆಳಗಿನವರೆಗೆ ಒಂದು ಸಲ ನೋಡಿದ. ಎದ್ದು ಗೋಡೆಗೆ ನೀರು ಚಿಮುಕಿಸಿದ.